ಕಾರ್ಡ್ ಉಜ್ಜಿದ್ದೆಲ್ಲ ವೃತ್ತಿಯ ಖರ್ಚಾಗುತ್ತದೆಯೇ?

ಪ್ರಶ್ನೆ: ನಾನು ಧಾರವಾಡದವಳು, ಮದುವೆಯಾದ ಮೇಲೆ ಪುಣೆಯ ಕೋಥರೂಡಿನಲ್ಲಿ ನೆಲೆಸಿದ್ದೇನೆ. ಸ್ವಂತವಾಗಿ ಒಳಾಂಗಣ ವಿನ್ಯಾಸದ ವೃತ್ತಿ ನಡೆಸುತ್ತೇನೆ. ಜಿಎಸ್‌ಟಿ ನೋಂದಣಿ ಇದೆ. 2025-26ರಲ್ಲಿ ವಿನ್ಯಾಸದ ಶುಲ್ಕವೆಂದು ₹28 ಲಕ್ಷ ಬಂದಿದೆ, ಎಲ್ಲವೂ ಬ್ಯಾಂಕಿನ ಮೂಲಕ. ಅದೇ ವರ್ಷ ಒಂದೇ ಕ್ರೆಡಿಟ್ ಕಾರ್ಡಿನಲ್ಲಿ ಸುಮಾರು ₹11.5 ಲಕ್ಷ ಹೋಗಿದೆ. ಗ್ರಾಹಕರ ಮನೆಗಳಿಗೆ ಕೊಂಡ ಟೈಲ್ಸ್, ಪ್ಲೈವುಡ್ ₹5.2 ಲಕ್ಷ (ಅವರು ಹಣ ಹಿಂದಿರುಗಿಸಿದ್ದಾರೆ), ನನ್ನ ಕಚೇರಿಯ ಖರ್ಚು ₹2.8 ಲಕ್ಷ, ದೀಪಾವಳಿಗೆ ಇಎಂಐ ಮೇಲೆ ಕೊಂಡ ಲ್ಯಾಪ್‌ಟಾಪ್ ₹1.4 ಲಕ್ಷ, ಉಳಿದ ₹2.1 ಲಕ್ಷ ಮನೆಯದು. ಬಾಡಿಗೆ ಮತ್ತು ಸಹಾಯಕರ ಸಂಬಳ ಸೇರಿ ಇನ್ನೂ ₹7 ಲಕ್ಷ ಬ್ಯಾಂಕಿನಿಂದ ನೇರವಾಗಿ ಹೋಗಿದೆ. ಕಾರ್ಡಿನ ಬಡ್ಡಿಯೇ ₹9,600 ಆಗಿದೆ. ಇದೆಲ್ಲವನ್ನೂ ಆದಾಯದಿಂದ ಕಳೆಯಬಹುದೇ? ಕೆಲವು ಸಾಮಾನನ್ನು ಪತಿಯ ಕಾರ್ಡಿನಿಂದ ಕೊಂಡಿದ್ದೇನೆ, ಅದು ನಡೆಯುತ್ತದೆಯೇ? ಕಾರ್ಡ್ ಬಿಲ್ ಕಟ್ಟಿದ ಮೊತ್ತ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಾಣಿಸುತ್ತಿರುವುದರಿಂದ ಭಯವೂ ಆಗಿದೆ.

ಉತ್ತರ: ಕೇಳುವ ಮುಂಚೆಯೇ ಖರ್ಚನ್ನು ನಾಲ್ಕು ಭಾಗ ಮಾಡಿ ಬರೆದಿದ್ದೀರಿ. ಅರ್ಧ ಕೆಲಸ ಅಲ್ಲಿಗೇ ಮುಗಿದಿದೆ. ನನ್ನ ಬಳಿ ಬರುವ ಹೆಚ್ಚಿನವರು ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್‌ಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಕೊನೆಯ ಪುಟದ ಮೊತ್ತವನ್ನೇ ಖರ್ಚೆಂದು ತೋರಿಸಿಬಿಡಿ ಎನ್ನುತ್ತಾರೆ. ಕಾರ್ಡಿನ ಸ್ಟೇಟ್‌ಮೆಂಟ್ ಯಾವ ದಿನ, ಯಾವ ಅಂಗಡಿಗೆ, ಎಷ್ಟು ಹಣ ಹೋಯಿತು ಎಂಬುದನ್ನಷ್ಟೇ ಹೇಳುತ್ತದೆ. ಏನನ್ನು ಕೊಂಡಿರಿ, ಯಾತಕ್ಕೆ ಕೊಂಡಿರಿ ಎಂಬುದನ್ನು ಹೇಳುವುದಿಲ್ಲ. ಆದಾಯ ತೆರಿಗೆಯ ಕಾನೂನು ಕೇಳುವುದು ಆ ಎರಡನ್ನೇ. 1961ರ ಕಾಯ್ದೆಯ 37(1)ನೇ ಸೆಕ್ಷನ್ ಪ್ರಕಾರ, ಖರ್ಚು ಪೂರ್ತಿಯಾಗಿ ಮತ್ತು ಕೇವಲ ವೃತ್ತಿಗಾಗಿಯೇ ಆಗಿರಬೇಕು, ಸ್ವಂತದ್ದಾಗಿರಬಾರದು, ಬಂಡವಾಳ ಸ್ವರೂಪದ್ದೂ (ವರ್ಷಗಟ್ಟಲೆ ಬಳಕೆಗೆ ಬರುವ ವಸ್ತುವಿನ ಖರೀದಿಯಂಥದ್ದು) ಆಗಿರಬಾರದು. ನಗದು, ಚೆಕ್, ಯುಪಿಐ, ಕಾರ್ಡ್, ಯಾವುದರಿಂದ ಕೊಟ್ಟರೂ ಈ ಪರೀಕ್ಷೆ ಒಂದೇ. ಕಾರ್ಡಿನ ಮೇಲೆ ‘ಬಿಸಿನೆಸ್’ ಎಂದು ಅಚ್ಚಾಗಿದ್ದರೂ ಅದರಿಂದ ಕೊಂಡ ದಿನಸಿ ದಿನಸಿಯೇ, ಸಾದಾ ಕಾರ್ಡಿನಿಂದ ಕೊಂಡ, ನಕ್ಷೆ ಮುದ್ರಿಸುವ ಪ್ಲಾಟರ್ ಕಾಗದ ವೃತ್ತಿಯ ಖರ್ಚೇ.

ಆದರೆ ಯಾವ ಖರ್ಚು ಕಳೆಯಬಹುದು ಎಂಬ ಪ್ರಶ್ನೆಗಿಂತ ಮುಂಚೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ನೀವು ಕೇಳಿಲ್ಲ. ಖರ್ಚನ್ನು ಒಂದೊಂದಾಗಿ ಕಳೆಯುವ ದಾರಿಯಲ್ಲಿ ನೀವು ಹೋಗಬೇಕೇ? ಒಳಾಂಗಣ ವಿನ್ಯಾಸವು ವಕೀಲಿ, ವೈದ್ಯಕೀಯ, ಎಂಜಿನಿಯರಿಂಗ್, ವಾಸ್ತುಶಿಲ್ಪಗಳ ಹಾಗೆ ಕಾಯ್ದೆ ಹೆಸರಿಸಿರುವ ವೃತ್ತಿಗಳಲ್ಲೊಂದು. ಆದ್ದರಿಂದ 44ಎಡಿಎ ಸೆಕ್ಷನ್ನಿನ ಅಂದಾಜು ಆದಾಯದ ಪದ್ಧತಿ ನಿಮಗೆ ತೆರೆದಿದೆ. ವರ್ಷದ ಒಟ್ಟು ವೃತ್ತಿ ಸ್ವೀಕೃತಿ, ಅಂದರೆ ವೃತ್ತಿಯಿಂದ ಬಂದ ಹಣ, ₹50 ಲಕ್ಷದೊಳಗಿದ್ದರೆ, ಅಥವಾ ನಗದು ಸ್ವೀಕೃತಿ ಶೇ. 5ನ್ನು ಮೀರದಿದ್ದಾಗ ₹75 ಲಕ್ಷದೊಳಗಿದ್ದರೆ, ಅದರ ಶೇ. 50ರಷ್ಟನ್ನು ಆದಾಯವೆಂದು ತೋರಿಸಿದರೆ ಸಾಕು. ಮಿಕ್ಕ ಅರ್ಧದಲ್ಲಿ ಎಲ್ಲ ಖರ್ಚೂ, ಸವಕಳಿಯೂ (ವಸ್ತು ಹಳೆಯದಾಗುತ್ತ ಕಳೆದುಕೊಳ್ಳುವ ಬೆಲೆ) ಸೇರಿಹೋಯಿತೆಂದು ಕಾನೂನೇ ಭಾವಿಸುತ್ತದೆ. ಅದರ ಮೇಲೆ ಕಾರ್ಡಿನ ಒಂದು ರೂಪಾಯಿಯನ್ನೂ ಬೇರೆಯಾಗಿ ಕಳೆಯುವಂತಿಲ್ಲ. ಅರ್ಧ ಆದಾಯವನ್ನೂ ತೋರಿಸಿ, ಆಮೇಲೆ ಲ್ಯಾಪ್‌ಟಾಪಿನ ಸವಕಳಿಯನ್ನೂ ಕಳೆದುಕೊಂಡ ರಿಟರ್ನ್ಸ್‌ಗಳನ್ನು ನಾನು ತಿದ್ದಿಕೊಟ್ಟಿದ್ದೇನೆ. ಈ ತಪ್ಪು ಅಪರೂಪದ್ದಲ್ಲ.

ನಿಮ್ಮ ಅಂಕಿಗಳನ್ನೇ ಇಟ್ಟು ನೋಡೋಣ. ಲೆಕ್ಕ ಸರಳವಾಗಲೆಂದು ಜಿಎಸ್‌ಟಿಯನ್ನು ಸದ್ಯಕ್ಕೆ ಬದಿಗಿಡುತ್ತೇನೆ. ನಿಜವಾದ ಖರ್ಚಿನ ದಾರಿಯಲ್ಲಿ ಬ್ಯಾಂಕಿನಿಂದ ಹೋದ ₹7 ಲಕ್ಷ, ಕಾರ್ಡಿನ ₹2.8 ಲಕ್ಷ, ಲ್ಯಾಪ್‌ಟಾಪಿನ ಸವಕಳಿ ಮತ್ತು ಬಡ್ಡಿಯ ಒಂದು ಪಾಲು ಸೇರಿ ಕಳೆಯಬಹುದಾದದ್ದು ₹10.2 ಲಕ್ಷದ ಆಸುಪಾಸು. ಆಗ ಆದಾಯ ಸುಮಾರು ₹17.8 ಲಕ್ಷ. ಬೇರೆ ಆದಾಯವಿಲ್ಲವೆಂದುಕೊಂಡರೆ, ಹೊಸ ತೆರಿಗೆ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ ₹1,62,240 ಬರುತ್ತದೆ. 44ಎಡಿಎ ದಾರಿಯಲ್ಲಿ ಆದಾಯ ₹14 ಲಕ್ಷ, ತೆರಿಗೆ ₹93,600. ವ್ಯತ್ಯಾಸ ₹68,640. ನಿಮ್ಮ ವೃತ್ತಿಯ ಖರ್ಚೆಲ್ಲ ಸೇರಿಯೂ ಶುಲ್ಕದ ಅರ್ಧಕ್ಕೆ ಮುಟ್ಟಿಲ್ಲ. ಆದ್ದರಿಂದ ಈ ವರ್ಷ ಕಾರ್ಡಿನ ಖರ್ಚನ್ನು ಬಿಡಿಬಿಡಿಯಾಗಿ ಕಳೆಯಲು ಹೊರಟರೆ ನಿಮಗೆ ನಷ್ಟವೇ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಇದೆ. ಶೇ. 50, ಅಥವಾ ಅದಕ್ಕಿಂತ ಹೆಚ್ಚು ಗಳಿಸಿದ್ದಾಗಿ ತೆರಿಗೆದಾರರೇ ಹೇಳಿಕೊಳ್ಳುವ ಮೊತ್ತ, ಎಂಬರ್ಥದಲ್ಲಿ ಸೆಕ್ಷನ್ ಇದೆ. ಈ ಎರಡನೆಯ ತುಂಡಿನ ವ್ಯಾಪ್ತಿಯ ಬಗ್ಗೆ ಲೆಕ್ಕಪರಿಶೋಧಕರಲ್ಲಿ ಎರಡು ಅಭಿಪ್ರಾಯಗಳಿವೆ: ನಿಜವಾದ ಗಳಿಕೆ ಅರ್ಧಕ್ಕಿಂತ ಹೆಚ್ಚಿದ್ದರೆ ಅದನ್ನೇ ತೋರಿಸಬೇಕೆಂಬುದು ಒಂದು, ಅರ್ಧ ತೋರಿಸಿದರೆ ಸಾಕೆಂಬುದು ಇನ್ನೊಂದು. ಲೆಕ್ಕಪುಸ್ತಕ ಇಡುವ ಹೊರೆಯನ್ನು ತಪ್ಪಿಸಲೆಂದೇ ಬಂದ ಸೆಕ್ಷನ್ ಇದು, ಆದ್ದರಿಂದ ಅರ್ಧವನ್ನು ತೋರಿಸುವುದು ನ್ಯಾಯವಾದ ಆಯ್ಕೆ ಎಂಬುದು ನನ್ನ ನಿಲುವು. ಆದರೆ ₹14 ಲಕ್ಷ ಆದಾಯ ತೋರಿಸಿದವರ ಖಾತೆಯಲ್ಲಿ ಅದೇ ವರ್ಷ ₹16 ಲಕ್ಷದ ಠೇವಣಿ ಬೆಳೆದಿದ್ದರೆ ಹಣ ಎಲ್ಲಿಂದ ಬಂತೆಂದು ಇಲಾಖೆ ಕೇಳಬಹುದು. ಉತ್ತರ ನಿಮ್ಮ ಕೈಯಲ್ಲಿರಬೇಕು. ಮುಂದಿನ ಯಾವುದಾದರೂ ವರ್ಷ ಖರ್ಚು ಅರ್ಧವನ್ನು ಮೀರಿದರೆ ನಿಜವಾದ ಖರ್ಚಿನ ದಾರಿಗೆ ಹೊರಳಬಹುದು. ವ್ಯಾಪಾರಿಗಳಿಗಿರುವ 44ಎಡಿ ಸೆಕ್ಷನ್ನಿನಲ್ಲಿ ಹೊರಬಂದವರನ್ನು ಐದು ವರ್ಷ ಮತ್ತೆ ಒಳಗೆ ಬಿಡದ ನಿಯಮವಿದೆ, ವೃತ್ತಿಪರರ 44ಎಡಿಎಯಲ್ಲಿ ಅದು ಇಲ್ಲ. ಆದರೆ ಅರ್ಧಕ್ಕಿಂತ ಕಡಿಮೆ ಆದಾಯ ತೋರಿಸುವ ವರ್ಷ ಲೆಕ್ಕಪುಸ್ತಕವನ್ನೂ ಇಡಬೇಕು, ಆಡಿಟನ್ನೂ ಮಾಡಿಸಬೇಕು.

ಹಾಗಾದರೆ ಬಿಲ್ಲುಗಳನ್ನು ಎಸೆಯಬಹುದೇ ಎಂದು ನೀವು ಕೇಳಬಹುದು. ಎಸೆಯಬೇಡಿ. ಅದಕ್ಕೆ ಮೂರು ಕಾರಣಗಳಿವೆ, ಮೊದಲನೆಯದು ನಿಮ್ಮ ₹5.2 ಲಕ್ಷದ ಟೈಲ್ಸ್ ಮತ್ತು ಪ್ಲೈವುಡ್.

ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ನಿಂತು ಗ್ರಾಹಕರಿಗಾಗಿ ಪ್ಲೈವುಡ್ ಆರಿಸಿ, ಅವರು ಆಮೇಲೆ ಕೊಡುತ್ತಾರೆಂದು ನಿಮ್ಮ ಕಾರ್ಡನ್ನೇ ಉಜ್ಜುವುದು ನಿಮ್ಮ ವೃತ್ತಿಯಲ್ಲಿ ದಿನನಿತ್ಯದ ಸಂಗತಿ. ಇದು ನಿಮ್ಮ ಖರ್ಚೂ ಅಲ್ಲ, ಹಿಂದಿರುಗಿ ಬಂದ ಹಣ ನಿಮ್ಮ ಆದಾಯವೂ ಅಲ್ಲ. ನೀವು ಕೆಲವು ದಿನ ಕೈಗಡ ಕೊಟ್ಟಂತೆ. ಆದರೆ ಅದು ಹಾಗೆಂದು ಕಾಗದಗಳು ಹೇಳಬೇಕು. ಅಂಗಡಿಯವರು ಬಿಲ್ಲನ್ನು ನಿಮ್ಮ ಹೆಸರಿಗೆ ಬರೆದು, ನೀವು ಗ್ರಾಹಕರಿಗೆ ವಿನ್ಯಾಸ, ಸಾಮಾನು ಎರಡನ್ನೂ ಕೂಡಿಸಿ ಒಂದೇ ಮೊತ್ತದ ಬಿಲ್ ಕೊಟ್ಟರೆ, ₹5.2 ಲಕ್ಷವೂ ನಿಮ್ಮ ಸ್ವೀಕೃತಿಯೊಳಗೆ ಸೇರುತ್ತದೆ. ಆಗ ಸ್ವೀಕೃತಿ ₹33.2 ಲಕ್ಷ, ಅದರ ಅರ್ಧ ₹16.6 ಲಕ್ಷ, ತೆರಿಗೆ ₹1,37,280. ಕೈಗೆ ಒಂದು ಪೈಸೆ ಹೆಚ್ಚು ಉಳಿಯದಿದ್ದರೂ, ಬಿಲ್ ಬರೆದ ರೀತಿಯಿಂದಲೇ ₹43,680 ಹೆಚ್ಚು ತೆರಿಗೆ ಕಟ್ಟಿದಂತಾಗುತ್ತದೆ. ಇದನ್ನು ತಪ್ಪಿಸಲು ಸಾಮಾನಿನ ಬಿಲ್ ಗ್ರಾಹಕರ ಹೆಸರಿನಲ್ಲಿರಲಿ. ಅವರ ಪರವಾಗಿ ಕೊಳ್ಳಲು ನಿಮಗೆ ಒಪ್ಪಿಗೆ ಇದೆಯೆಂದು ಕರಾರುಪತ್ರದಲ್ಲಿ ಒಂದು ಸಾಲು ಇರಲಿ. ನಿಮ್ಮ ಬಿಲ್ಲಿನಲ್ಲಿ ಈ ಮೊತ್ತ ಶುಲ್ಕದಿಂದ ಬೇರೆಯಾಗಿ, ಕೊಟ್ಟಷ್ಟೇ ಇರಲಿ. ಜಿಎಸ್‌ಟಿ ನಿಯಮಗಳಲ್ಲಿ 33ನೆಯದು ಇಂಥವರನ್ನು ‘ಪ್ಯೂರ್ ಏಜೆಂಟ್’, ಅಂದರೆ ಗ್ರಾಹಕರ ಪರವಾಗಿ ಹಣ ಕೊಟ್ಟವರು ಮಾತ್ರ ಎಂದು ಒಪ್ಪಿ, ಆ ಮೊತ್ತವನ್ನು ನಿಮ್ಮ ಸೇವೆಯ ಮೌಲ್ಯದಿಂದ ಹೊರಗಿಡುವುದೂ ಇವೇ ಷರತ್ತುಗಳ ಮೇಲೆ. ಸಾಮಾನಿನ ಮೇಲೆ ಶೇ. 10 ಇಟ್ಟುಕೊಂಡು ಮಾರಿದರೆ ಈ ದಾರಿ ಮುಚ್ಚಿತು. ಆಗ ಅದು ಮಾರಾಟ, ಅದಕ್ಕೆ ಜಿಎಸ್‌ಟಿ ಹಾಕಲೇಬೇಕು. ಕಳೆದ ವರ್ಷದ ಬಿಲ್ಲುಗಳು ಯಾರ ಹೆಸರಿನಲ್ಲಿವೆ ಎಂಬುದನ್ನು ರಿಟರ್ನ್ಸ್ ತುಂಬುವ ಮೊದಲು ಒಂದೊಂದಾಗಿ ನೋಡಿ. ನಿಮ್ಮ ಪ್ರಶ್ನೆಯಲ್ಲಿ ಅತಿ ಹೆಚ್ಚು ಹಣ ಅಡಗಿರುವುದು ಇಲ್ಲೇ ಎಂದು ನನಗನಿಸುತ್ತದೆ.

ಎರಡನೆಯ ಕಾರಣ ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ತೆತ್ತ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಿಂದ ಕಳೆದುಕೊಳ್ಳುವ ಸೌಲಭ್ಯ. ಆದಾಯ ತೆರಿಗೆಯಲ್ಲಿ ಅಂದಾಜು ಪದ್ಧತಿ ಹಿಡಿದರೂ ಜಿಎಸ್‌ಟಿಯಲ್ಲಿ ಕ್ರೆಡಿಟ್ ಬಿಡಬೇಕಾಗಿಲ್ಲ. ಲ್ಯಾಪ್‌ಟಾಪ್, ಪ್ರಿಂಟಿಂಗ್, ಕಚೇರಿ ಬಾಡಿಗೆಯ ಮೇಲಿನ ತೆರಿಗೆ, ಕಾರ್ಡಿನ ವಾರ್ಷಿಕ ಶುಲ್ಕದ ಮೇಲೆ ಬ್ಯಾಂಕ್ ಹಾಕುವ ಶೇ. 18, ಇವೆಲ್ಲ ನಿಮ್ಮ ಹೊಣೆಯಿಂದ ಕಳೆಯಬಹುದಾದವು. ಇದಕ್ಕೆ ಸ್ಟೇಟ್‌ಮೆಂಟ್ ಯಾವ ಕೆಲಸಕ್ಕೂ ಬಾರದು. ನಿಮ್ಮ ಜಿಎಸ್‌ಟಿ ಸಂಖ್ಯೆ ಬರೆದ ತೆರಿಗೆ ಬಿಲ್ ಬೇಕು, ಅದು ಜಿಎಸ್‌ಟಿಆರ್-2ಬಿಯಲ್ಲಿ (ಮಾರಿದವರು ಸಲ್ಲಿಸಿದ ವಿವರಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿ) ಕಾಣಬೇಕು. ಆನ್‌ಲೈನಿನಲ್ಲಿ ಕೊಳ್ಳುವಾಗ ಖಾತೆಯಲ್ಲಿ ಜಿಎಸ್‌ಟಿ ಸಂಖ್ಯೆ ತುಂಬದೆ ಸಾದಾ ಬಿಲ್ ತಂದುಕೊಂಡು, ವರ್ಷದ ಕೊನೆಯಲ್ಲಿ ಬಂದು ಕೇಳುವವರಿಗೆ ನಾನು ಏನೂ ಮಾಡಿಕೊಡಲಾರೆ. ಗ್ರಾಹಕರ ಜೊತೆಗಿನ ಊಟ, ನಿಮ್ಮ ಕಾರು, ಇವುಗಳ ಮೇಲಿನ ಜಿಎಸ್‌ಟಿಗೆ ಕ್ರೆಡಿಟ್ ಇಲ್ಲ. ಪೆಟ್ರೋಲು ಜಿಎಸ್‌ಟಿಯ ಹೊರಗಿದೆ. ವಿನ್ಯಾಸದ ಸಾಫ್ಟ್‌ವೇರಿಗೆ ವಿದೇಶದ ಕಂಪನಿಗೆ ಡಾಲರಿನಲ್ಲಿ ಚಂದಾ ಕಟ್ಟುತ್ತಿದ್ದರೆ, ನೋಂದಣಿ ಇರುವ ನೀವೇ ಅದರ ಮೇಲೆ ಜಿಎಸ್‌ಟಿ ಕಟ್ಟಿ ಆಮೇಲೆ ಕ್ರೆಡಿಟ್ ಪಡೆಯಬೇಕಾಗುತ್ತದೆ ಎಂಬುದನ್ನೂ ಮರೆಯಬೇಡಿ. ಸ್ಟೇಟ್‌ಮೆಂಟ್ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಚಂದಾಗಳಲ್ಲಿ: ಬಿಲ್ಲಿನಲ್ಲಿರುವುದು ಡಾಲರು, ನಿಮಗೆ ತಗಲಿದ ರೂಪಾಯಿ ಮತ್ತು ಬ್ಯಾಂಕ್ ಸೇರಿಸಿದ ಕರೆನ್ಸಿ ಶುಲ್ಕ ಗೊತ್ತಾಗುವುದು ಸ್ಟೇಟ್‌ಮೆಂಟಿನಿಂದಲೇ.

ಮೂರನೆಯದು ನಿಮ್ಮ ಭಯ. ಒಂದು ಹಣಕಾಸು ವರ್ಷದಲ್ಲಿ ಒಬ್ಬರು ಕಾರ್ಡ್ ಬಿಲ್ಲಿಗೆ ನಗದಾಗಿ ₹1 ಲಕ್ಷ ಅಥವಾ ಹೆಚ್ಚು, ಬೇರೆ ವಿಧಾನಗಳಲ್ಲಿ ₹10 ಲಕ್ಷ ಅಥವಾ ಹೆಚ್ಚು ಕಟ್ಟಿದರೆ ಬ್ಯಾಂಕು ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಲೇಬೇಕು. ಆ ವರದಿ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಬಂದಿದೆ, ಅಷ್ಟೇ. ಅದು ಆರೋಪವಲ್ಲ, ಆದಾಯವೂ ಅಲ್ಲ. ಆದರೆ ₹14 ಲಕ್ಷ ಆದಾಯ ತೋರಿಸಿದವರು ₹11.5 ಲಕ್ಷ ಕಾರ್ಡಿಗೆ ಕಟ್ಟಿದ್ದು ಹೇಗೆ ಎಂದು ಮುಂದೆ ಕೇಳಿದರೆ, ಅದರಲ್ಲಿ ₹5.2 ಲಕ್ಷ ಗ್ರಾಹಕರಿಂದ ಹಿಂದೆ ಬಂದದ್ದು, ₹4.2 ಲಕ್ಷ ವೃತ್ತಿಯದು, ₹2.1 ಲಕ್ಷ ಮಾತ್ರ ಮನೆಯದು ಎಂದು ಒಂದೇ ಹಾಳೆಯಲ್ಲಿ ತೋರಿಸಲು ಸಾಧ್ಯವಾಗಬೇಕು. ಆ ಹಾಳೆಯನ್ನು ಈಗಲೇ ಸಿದ್ಧಮಾಡಿಡಿ. ಬಿಲ್ಲುಗಳನ್ನು ಕರ ನಿರ್ಧರಣಾ ವರ್ಷ ಮುಗಿದ ಮೇಲೆ ಆರು ವರ್ಷ ಇಡುವುದು ಕ್ಷೇಮ. ಅಂಗಡಿಗಳ ನುಣುಪು ಕಾಗದದ ರಸೀದಿಗಳು ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿಯಾಗಿಬಿಡುತ್ತವೆ. ಕೊಂಡ ದಿನ ಸಂಜೆಯೇ ಫೋಟೊ ತೆಗೆದು, ಯಾವ ಗ್ರಾಹಕರ ಕೆಲಸ ಎಂಬುದನ್ನು ಅದರ ಮೇಲೆಯೇ ಬರೆದಿಡಿ. ರಿವಾರ್ಡ್ ಪಾಯಿಂಟಿನ ಆಸೆಗೆ ನೆಂಟರಿಷ್ಟರ ಖರೀದಿಯನ್ನೆಲ್ಲ ತಮ್ಮ ಕಾರ್ಡಿನಲ್ಲಿ ಹಾಕಿಕೊಳ್ಳುವವರಿಗೆ ಈ ಹಾಳೆ ಬರೆಯುವುದು ಬಹಳ ಕಷ್ಟವಾಗುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ.

ಖರ್ಚು ಅರ್ಧವನ್ನು ಮೀರುವ ವರ್ಷ ನಿಮಗೂ ಬರಬಹುದು, ಇದನ್ನು ಓದುತ್ತಿರುವ ಬೇರೆಯವರಿಗೆ ಈಗಲೇ ಇರಬಹುದು. ಆದ್ದರಿಂದ ನಿಜವಾದ ಖರ್ಚಿನ ದಾರಿಯ ವಿವರಗಳನ್ನೂ ಹೇಳುತ್ತೇನೆ.

ಲ್ಯಾಪ್‌ಟಾಪ್ ಬಂಡವಾಳದ ವಸ್ತು. ಅದರ ಇಎಂಐಯ ಅಸಲನ್ನು ತಿಂಗಳುತಿಂಗಳು ಖರ್ಚೆಂದು ಬರೆಯುವಂತಿಲ್ಲ. ಪೂರ್ತಿ ಬೆಲೆಯನ್ನು ಕೊಂಡ ದಿನವೇ ಆಸ್ತಿಯಾಗಿ ಬರೆದು, ಅದರ ಮೇಲೆ ವರ್ಷಕ್ಕೆ ಶೇ. 40 ಸವಕಳಿ ಪಡೆಯಬೇಕು. ಆ ವರ್ಷ ವೃತ್ತಿಗೆ ಬಳಸಿದ್ದು 180 ದಿನಕ್ಕಿಂತ ಕಡಿಮೆಯಾದರೆ ಸಿಗುವುದು ಅದರ ಅರ್ಧ ದರ. 2025ರ ವಿಜಯದಶಮಿ ಅಕ್ಟೋಬರ್ 2ರಂದು ಬಂದಿತ್ತು. ಅಂದೇ ಕೊಂಡು ಬಳಸತೊಡಗಿದ್ದರೆ ಮಾರ್ಚ್ 31ಕ್ಕೆ 181 ದಿನ, ಪೂರ್ತಿ ₹56,000 ಸವಕಳಿ. ದೀಪಾವಳಿಯವರೆಗೆ ಕಾದದ್ದರಿಂದ ಈ ವರ್ಷಕ್ಕೆ ₹28,000 ಮಾತ್ರ. ಮಿಕ್ಕದ್ದು ಕಳೆದುಹೋಗುವುದಿಲ್ಲ, ಮುಂದಿನ ವರ್ಷಗಳಿಗೆ ಸಾಗುತ್ತದೆ. ಜಿಎಸ್‌ಟಿ ಕ್ರೆಡಿಟ್ ಪಡೆದಿದ್ದರೆ ಆ ತೆರಿಗೆಯ ಭಾಗದ ಮೇಲೆ ಸವಕಳಿ ಇಲ್ಲ. ಇಎಂಐಯ ಬಡ್ಡಿ ಮಾತ್ರ ಆಯಾ ವರ್ಷದ ಖರ್ಚು.

ಕಾರ್ಡಿನ ಬಡ್ಡಿಯೂ, ತಡವಾದದ್ದಕ್ಕೆ ಬ್ಯಾಂಕು ಹಾಕುವ ಶುಲ್ಕವೂ ವೃತ್ತಿಗೆ ಸಂಬಂಧಿಸಿದ ಮಟ್ಟಿಗೆ ಕಳೆಯಬಹುದಾದವೇ. ಸಂಚಾರ ಪೊಲೀಸರ ದಂಡದಂತೆ ಕಾನೂನು ಮುರಿದದ್ದಕ್ಕೆ ತೆತ್ತ ಹಣವಲ್ಲ ಅದು, ಬ್ಯಾಂಕಿನೊಂದಿಗಿನ ಒಪ್ಪಂದದ ವೆಚ್ಚ. ತೊಡಕು ಇರುವುದು ಒಂದೇ ಕಾರ್ಡಿನಲ್ಲಿ ಮನೆ ಮತ್ತು ಕಚೇರಿ ಬೆರೆತಿರುವಲ್ಲಿ. ನಿಮ್ಮ ಲೆಕ್ಕದಲ್ಲಿ ಮನೆಯ ಪಾಲು ಸುಮಾರು ಶೇ. 18, ಆದ್ದರಿಂದ ₹9,600ರಲ್ಲಿ ಶೇ. 82ರಷ್ಟನ್ನು, ಅಂದರೆ ₹7,900ರ ಆಸುಪಾಸನ್ನು ವೃತ್ತಿಗೆ ಹಾಕುವುದು ಸಮರ್ಥಿಸಿಕೊಳ್ಳಬಹುದಾದ ಲೆಕ್ಕ. ಆದರೂ ತೆರಿಗೆಯಲ್ಲಿ ಕಳೆಯಬಹುದು ಎಂಬ ಕಾರಣಕ್ಕೆ ಈ ಬಡ್ಡಿಯನ್ನು ಹಗುರವಾಗಿ ಕಾಣಬೇಡಿ. ತಿಂಗಳಿಗೆ ಶೇ. 3ಕ್ಕೂ ಮೇಲೆ ಹೋಗುವ ಬಡ್ಡಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಹಿಂದಿನ ಬಾಕಿ ಉಳಿಸಿಕೊಂಡರೆ ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಗ್ರಾಹಕರು ಟೈಲ್ಸ್ ಹಣ ಕೊಡಲು ತಡಮಾಡಿದ್ದರಿಂದ ಈ ಬಾಕಿ ಉಳಿದಿದ್ದರೆ, ಇನ್ನು ಮುಂದೆ ಸಾಮಾನಿನ ಹಣವನ್ನು ಮುಂಗಡವಾಗಿಯೇ ಕೇಳಿ ಪಡೆಯಿರಿ.

ದಿನಾಂಕದ ವಿಷಯ ಸುಲಭ. ಮಾರ್ಚ್ 29ರಂದು ಕಾರ್ಡ್ ಉಜ್ಜಿ, ಏಪ್ರಿಲ್ ಕೊನೆಯಲ್ಲಿ ಬಿಲ್ ಕಟ್ಟಿದರೂ ಖರ್ಚು ಮಾರ್ಚಿನ ವರ್ಷದ್ದೇ. ಅಂಗಡಿಯವರಿಗೆ ಹಣ ಸಂದಾಯವಾಗಿದೆ, ಉಳಿದದ್ದು ಬ್ಯಾಂಕಿಗೆ ನೀವು ಕೊಡಬೇಕಾದ ಸಾಲ. ಆದ್ದರಿಂದ ಖರ್ಚನ್ನು ಉಜ್ಜಿದ ದಿನವೇ ಬರೆಯಿರಿ, ಬಿಲ್ ಕಟ್ಟಿದ ದಿನ ಮತ್ತೆ ಬರೆದು ಎರಡು ಸಲ ಎಣಿಸಬೇಡಿ. ಕಾರ್ಡಿನಿಂದ ಕೊಟ್ಟದ್ದರಲ್ಲಿ ಒಂದು ಅನುಕೂಲವೂ ಇದೆ: ಒಬ್ಬರಿಗೆ ಒಂದೇ ದಿನ ₹10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ 40ಎ(3)ನೇ ಸೆಕ್ಷನ್ ಆ ಖರ್ಚನ್ನೇ ತಳ್ಳಿಹಾಕುತ್ತದೆ. ಕಾರ್ಡಿಗೆ ಆ ತೊಂದರೆ ಇಲ್ಲ.

ಮನೆಗೂ ಕೆಲಸಕ್ಕೂ ಬಳಕೆಯಾಗುವ ಫೋನು, ಕಾರುಗಳ ಖರ್ಚಿನಲ್ಲಿ ವೃತ್ತಿಯ ಪಾಲನ್ನಷ್ಟೇ ತೆಗೆದುಕೊಳ್ಳಬೇಕು. ಬಾಣೇರ್, ಹಿಂಜವಡಿಯ ಸೈಟುಗಳಿಗೆ ಹೋದ ದಿನ, ಓಡಿದ ಕಿಲೋಮೀಟರು, ಗ್ರಾಹಕರ ಹೆಸರು, ಇಷ್ಟನ್ನು ಒಂದು ವಹಿಯಲ್ಲಿ ಬರೆಯುವುದಕ್ಕೆ ದಿನಕ್ಕೆ ಎರಡು ನಿಮಿಷ ಸಾಕು. ಧಾರವಾಡಕ್ಕೆ ಹಬ್ಬಕ್ಕೆ ಹೋದಾಗ ಅಲ್ಲೊಬ್ಬರ ಮನೆ ನೋಡಿ ಬಂದಿರಿ ಎಂಬ ಕಾರಣಕ್ಕೆ ಇಡೀ ಸಂಸಾರದ ರೈಲು ಟಿಕೆಟ್ ವೃತ್ತಿಯದಾಗುವುದಿಲ್ಲ. ಕಾರ್ಡಿನಿಂದ ಕಟ್ಟಿದ ಆದಾಯ ತೆರಿಗೆಯೂ ಖರ್ಚಲ್ಲ.

ಪತಿಯ ಕಾರ್ಡಿನಿಂದ ಕೊಂಡದ್ದೂ ನಡೆಯುತ್ತದೆ, ಬಿಲ್ ನಿಮ್ಮ ಹೆಸರಿನಲ್ಲಿ, ನಿಮ್ಮ ಜಿಎಸ್‌ಟಿ ಸಂಖ್ಯೆಯೊಂದಿಗೆ ಇದ್ದರೆ. ಖರ್ಚು ಯಾರ ವೃತ್ತಿಗಾಗಿ ಆಯಿತೆಂಬುದು ಮುಖ್ಯ, ಕಾರ್ಡಿನ ಮೇಲೆ ಯಾರ ಹೆಸರಿದೆ ಎಂಬುದಲ್ಲ. ಅಷ್ಟೇ ಮೊತ್ತವನ್ನು ನಿಮ್ಮ ಖಾತೆಯಿಂದ ಅವರ ಖಾತೆಗೆ ಅದೇ ತಿಂಗಳು ವರ್ಗಾಯಿಸಿ, ಷರಾದಲ್ಲಿ ಬಿಲ್ ಸಂಖ್ಯೆ ಬರೆಯಿರಿ. ಅದಕ್ಕಿಂತ ಸುಲಭದ ದಾರಿಯೆಂದರೆ, ನಿಮ್ಮ ಹೆಸರಿನಲ್ಲೇ ಎರಡನೆಯ ಕಾರ್ಡೊಂದನ್ನು ಪಡೆದು ಅದನ್ನು ಕಚೇರಿಗೆ ಮಾತ್ರ ಮೀಸಲಿಡುವುದು. ವಾರ್ಷಿಕ ಶುಲ್ಕವಿಲ್ಲದ ಸಾದಾ ಕಾರ್ಡಾದರೂ ಸಾಕು.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿರುವುದರಿಂದ, ಮುಂದಿನ ವರ್ಷದ ಲೆಕ್ಕದಲ್ಲಿ ನಾನು ಮೇಲೆ ಹೇಳಿದ ಸೆಕ್ಷನ್ ಸಂಖ್ಯೆಗಳು ಬದಲಾಗಿರುತ್ತವೆ. 2025-26ರ ನಿಮ್ಮ ಆದಾಯಕ್ಕೆ ಅನ್ವಯಿಸುವುದು ಹಳೆಯ ಕಾಯ್ದೆಯೇ. ಬೇರೆ ಆದಾಯದ ತೊಡಕಿಲ್ಲದಿದ್ದರೆ ಅಂದಾಜು ಪದ್ಧತಿಯವರ ರಿಟರ್ನ್ಸ್ ನಮೂನೆಯಾದ ಐಟಿಆರ್-4 ತುಂಬಿ. ಅಂದಾಜು ಪದ್ಧತಿಯವರು ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದಿತ್ತು. ಅದು ತಪ್ಪಿದ್ದರೆ ಬಾಕಿ ತೆರಿಗೆಯನ್ನು ಬಡ್ಡಿ ಸೇರಿಸಿ ಮೊದಲು ಕಟ್ಟಿ, ಆಮೇಲೆ ರಿಟರ್ನ್ಸ್ ಸಲ್ಲಿಸಿ.